ರ ಗ ಸ ದ ಅ ಅಂತ ಶುರುಮಾಡುವ ಮಗು: ನಲಿ-ಕಲಿ ತರಗತಿಯ ಬಗ್ಗೆ ನಿಮ್ಮ ಪ್ರಶ್ನೆಗಳು

ಒಂದನೇ ತರಗತಿಗೆ ಸೇರಿದ ಮಕ್ಕಳ ಬಗ್ಗೆ ಏನೇ ಅನುಮಾನ ಇದ್ದರೂ ಬರೆಯಿರಿ ಅಂತ ಕಳೆದ ಸಲ ಕೇಳಿದ್ದೆ. ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯ ಬಗ್ಗೆಯೇ ಇದ್ದವು. ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂತು, ತಮ್ಮ ತಮ್ಮ ವೇಗದಲ್ಲಿ ಕಾರ್ಡುಗಳಿಂದ ಕಲಿಯುವ ತರಗತಿ ಅದು. ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲ ಚಿಕ್ಕ ಮಕ್ಕಳ ಜೊತೆಯೇ ಇದ್ದೇನೆ, ಅದರಲ್ಲಿ ಹೆಚ್ಚು ವರ್ಷ ಕಳೆದದ್ದು ಇದೇ ತರಗತಿಯಲ್ಲಿ. ಹಾಗಾಗಿ ಈ ಸಲ ಇದೊಂದೇ ವಿಷಯ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮಗಳು ಒಂದನೇ ಕ್ಲಾಸು. ಮೊನ್ನೆ ಹನ್ನೊಂದು ಗಂಟೆ ಹೊತ್ತಿಗೆ ಆಧಾರ್ ಜೆರಾಕ್ಸ್ ಕೊಡಲು ಶಾಲೆಗೆ ಹೋಗಿದ್ದೆ. ಮಕ್ಕಳು ಅಲ್ಲಲ್ಲಿ ಗುಂಪಾಗಿ ಕೂತಿದ್ದರು, ಇಬ್ಬರು ಗೋಡೆ ಮೇಲೆ ಬರೆಯುತ್ತಿದ್ದರು, ಒಬ್ಬ ಎದ್ದು ಓಡಾಡುತ್ತಿದ್ದ, ಎಲ್ಲರ ಬಾಯಲ್ಲೂ ಮಾತು. ಟೀಚರ್ ಒಂದು ಮೂಲೆಯಲ್ಲಿ ನಾಲ್ಕೈದು ಮಕ್ಕಳ ಜೊತೆ ಕೂತಿದ್ದರು. ಪಾಠ ಯಾವಾಗ ನಡೆಯುತ್ತೆ ಮೇಡಂ? — ಒಬ್ಬ ತಾಯಿ, ಚನ್ನರಾಯಪಟ್ಟಣ

ಉತ್ತರ: ನೀವು ನೋಡಿದ್ದೇ ಪಾಠ ಅಮ್ಮಾ. ಗಾಬರಿಯಾಗಿದ್ದು ಸಹಜ. ನಾವೆಲ್ಲ ಕೈಕಟ್ಟಿ ಕೂತು, ಮೇಷ್ಟ್ರು ಹೇಳಿದ್ದನ್ನು ಒಟ್ಟಿಗೆ ಕೂಗಿ ಕಲಿತವರು ಅಲ್ವಾ. ಇಡೀ ದಿನ ಹೇಗೆ ಹೋಗುತ್ತದೆ ಅಂತ ಹೇಳುತ್ತೇನೆ, ಆಗ ಆ ಓಡಾಡುತ್ತಿದ್ದ ಹುಡುಗ ಏನು ಮಾಡುತ್ತಿದ್ದ ಅನ್ನುವುದೂ ಗೊತ್ತಾಗುತ್ತದೆ.

ಬೆಳಿಗ್ಗೆ ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪೀಠಿಕೆ. ಆಮೇಲೆ ಹಾಲು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಶುರುವಾದಾಗಿನಿಂದ ಒಂದು ಮಗುವಿಗೆ 150 ಮಿಲಿಲೀಟರ್ ಹಾಲು. ಬೆಳಿಗ್ಗೆ ಮನೆಯಲ್ಲಿ ಏನೂ ತಿನ್ನದೆ ಬರುವ ಮಕ್ಕಳು ಪ್ರತಿ ಊರಲ್ಲೂ ಇರುತ್ತಾರೆ. ಆ ಲೋಟ ಖಾಲಿಯಾದ ಮೇಲೆ ಅವರ ಮುಖ ಬೇರೆಯೇ ಆಗುತ್ತದೆ. ನಾನು ಅದಕ್ಕೆ ಮುಂಚೆ ಯಾವ ಹೊಸ ಅಕ್ಷರವನ್ನೂ ತೆಗೆಯುವುದಿಲ್ಲ.

ತರಗತಿಗೆ ಬಂದ ಕೂಡಲೇ ಹಾಜರಿ. ಆಮೇಲೆ ಹವಾಮಾನ ನಕ್ಷೆ. ಇವತ್ತಿನ ಸರದಿ ಯಾರದೋ ಆ ಮಗು ಹೊರಗೆ ಹೋಗಿ ಆಕಾಶ ನೋಡಿ ಬಂದು ಬಿಸಿಲೋ ಮೋಡವೋ ಮಳೆಯೋ ಅಂತ ಗುರುತು ಹಾಕುತ್ತದೆ. ತಿಂಗಳ ಕೊನೆಗೆ ಎಷ್ಟು ದಿನ ಮಳೆ ಬಂತು ಅಂತ ಎಲ್ಲರೂ ಎಣಿಸುತ್ತೇವೆ. ಗಣಿತ, ಪರಿಸರ ಎರಡೂ ಅಲ್ಲೇ ಆಯಿತು. ನಂತರ ಹಾಡು ಅಥವಾ ಕಥೆ, ಎಲ್ಲರೂ ಸೇರಿ.

ಇದಾದ ಮೇಲೆ ನಿಜವಾದ ಕೆಲಸ. ಗೋಡೆ ಮೇಲೆ ಒಂದು ಕಲಿಕಾ ಏಣಿ ಇರುತ್ತದೆ. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರ, ಒಂದು ಸಂಖ್ಯೆ. ಮಗು ಹೋಗಿ ತಾನು ನಿನ್ನೆ ಎಲ್ಲಿ ನಿಂತಿದ್ದೆ ಅಂತ ನೋಡಿ, ಅದರ ಮುಂದಿನ ಚಿತ್ರ ಯಾವುದೋ ಅದೇ ಚಿತ್ರದ ಕಾರ್ಡನ್ನು ಹುಡುಕಿ ತಂದು, ತನ್ನ ತಟ್ಟೆಯಲ್ಲಿ ಕೂತುಕೊಳ್ಳುತ್ತದೆ. ಎದ್ದು ಓಡಾಡುತ್ತಿದ್ದ ಹುಡುಗ ಬಹುಶಃ ಕಾರ್ಡ್ ಹುಡುಕುತ್ತಿದ್ದ. ಅಕ್ಷರವೇ ಬಾರದ ಮಗು ತನ್ನ ಪಾಠವನ್ನು ತಾನೇ ಹುಡುಕಿಕೊಳ್ಳುವುದು ಸಣ್ಣ ವಿಷಯ ಅಲ್ಲ.

ತಟ್ಟೆ ಅಂದರೆ ಗುಂಪು. ಐದು ತಟ್ಟೆಗಳಿರುತ್ತವೆ. ಒಂದರಲ್ಲಿ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಹೊಸ ಅಕ್ಷರ, ಹೊಸ ಲೆಕ್ಕ ಅಲ್ಲೇ ಶುರು. ಇನ್ನೊಂದರಲ್ಲಿ ಅರ್ಧ ಸಹಾಯ, ಕೇಳಿದರೆ ಮಾತ್ರ. ಮುಂದಿನ ಎರಡು ತಟ್ಟೆಗಳಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಕೊನೆಯದರಲ್ಲಿ ಮಗು ಯಾರನ್ನೂ ಕೇಳದೆ ತಾನೇ ಮಾಡುತ್ತದೆ. ಟೀಚರ್ ಮೂಲೆಯಲ್ಲಿ ನಾಲ್ಕೈದು ಮಕ್ಕಳ ಜೊತೆ ಇದ್ದದ್ದು ಮೊದಲನೇ ತಟ್ಟೆಯಲ್ಲಿ. ಗೋಡೆ ಮೇಲೆ ಬರೆಯುತ್ತಿದ್ದವರು ಕೂಡ ತಂಟೆ ಮಾಡುತ್ತಿರಲಿಲ್ಲ, ಮಕ್ಕಳ ಎತ್ತರಕ್ಕೇ ಕಪ್ಪು ಬಣ್ಣ ಬಳಿದ ಗೋಡೆ ಹಲಗೆ ಅದು, ಒಬ್ಬೊಬ್ಬರಿಗೂ ಅದರಲ್ಲಿ ಒಂದು ಜಾಗ. ಸ್ಲೇಟಿನಲ್ಲಿ ಬರೆದರೆ ಮಗು ಮಾತ್ರ ನೋಡುತ್ತದೆ. ಗೋಡೆ ಮೇಲೆ ಬರೆದದ್ದನ್ನು ನಾನು ಕೋಣೆಯ ಆ ಕಡೆಯಿಂದಲೇ ನೋಡಬಹುದು.

ನಮ್ಮ ವೇಳಾಪಟ್ಟಿಯಲ್ಲಿ ಒಂದು ವಿಷಯಕ್ಕೆ ಎರಡು ಪಿರಿಯಡ್ ಸೇರಿಸಿದಷ್ಟು ಹೊತ್ತು, ಅಂದರೆ 80 ನಿಮಿಷ. ಬೆಳಿಗ್ಗೆ ಕನ್ನಡ, ಆಮೇಲೆ ಗಣಿತ. ಗಣಿತದಲ್ಲಿ ಕಡ್ಡಿಗಳು, ಹುಣಸೆ ಬೀಜ, ರಬ್ಬರ್ ಬ್ಯಾಂಡ್. ಹತ್ತು ಕಡ್ಡಿಗೆ ಒಂದು ಕಟ್ಟು. 23ರಲ್ಲಿ 7 ಕಳೆಯಬೇಕು ಅಂದಾಗ ಬಿಡಿ ಕಡ್ಡಿ ಮೂರೇ ಇರುತ್ತವೆ, ಮಗು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತದೆ, ಆಮೇಲೆ ತಾನೇ ಒಂದು ಕಟ್ಟಿನ ರಬ್ಬರ್ ಬಿಚ್ಚುತ್ತದೆ. ‘ದಶಕದಿಂದ ಸಾಲ ತಗೋ’ ಅಂತ ನಾನು ಎಷ್ಟು ಸಲ ಬೋರ್ಡಿನಲ್ಲಿ ಬರೆದಿದ್ದರೂ ಆ ಬಿಚ್ಚುವುದಕ್ಕೆ ಸಮ ಆಗುತ್ತಿರಲಿಲ್ಲ.

ಒಂದು ಗಂಟೆ ದಾಟಿದ ಮೇಲೆ ಊಟ. ಕೈ ತೊಳೆಯುವುದು, ಸಾಲಾಗಿ ಕೂರುವುದು, ಪಕ್ಕದವನಿಗೆ ನೀರು ತಂದುಕೊಡುವುದು, ಇದೆಲ್ಲ ನನ್ನ ಪಾಲಿಗೆ ಪಾಠವೇ. ಮಧ್ಯಾಹ್ನ ಪರಿಸರ ಅಧ್ಯಯನ, ಸ್ವಲ್ಪ ಇಂಗ್ಲಿಷ್, ಚಿತ್ರ, ಆಟ. ಊಟ ಆದ ಮೇಲೆ ಕಣ್ಣು ಎಳೆಯುವ ಹೊತ್ತು. ಅದಕ್ಕೇ ಹೊರಗೆ ಕರೆದುಕೊಂಡು ಹೋಗುತ್ತೇನೆ. ಎಲೆ ಆರಿಸುತ್ತೇವೆ, ಅಂಚು ನಯವಾಗಿರುವುದು ಒಂದು ಕಡೆ, ಗರಗಸದ ಹಾಗೆ ಇರುವುದು ಒಂದು ಕಡೆ. ಮಾಡಿದ ಚಿತ್ರ, ಬರೆದ ಹಾಳೆ ಎಲ್ಲವೂ ಮೇಲೆ ದಾರ ಕಟ್ಟಿದ ಚಪ್ಪರಕ್ಕೆ ಹೋಗುತ್ತವೆ.

ಗದ್ದಲದ ಬಗ್ಗೆ ಒಂದು ಮಾತು. ಕೆಲಸದ ಗದ್ದಲ, ಸುಮ್ನೆ ಗದ್ದಲ ಎರಡೂ ಬೇರೆ. ಬಾಗಿಲಲ್ಲಿ ಎರಡು ನಿಮಿಷ ನಿಂತು ಮಕ್ಕಳ ಕೈ ನೋಡಿ. ಕೈಯಲ್ಲಿ ಕಾರ್ಡೋ ಬೀಜವೋ ಸೀಮೆಸುಣ್ಣವೋ ಇದ್ದರೆ ತೊಂದರೆ ಇಲ್ಲ. ಹೆಚ್ಚಿನ ಮಕ್ಕಳ ಕೈ ಖಾಲಿ ಇದ್ದರೆ ಟೀಚರ್ ಹತ್ತಿರ ಮಾತಾಡಿ, ಅದು ನಿಮ್ಮ ಹಕ್ಕು.

ಪ್ರಶ್ನೆ: ಮೊಮ್ಮಗ ಶಾಲೆಗೆ ಸೇರಿ ಮೂರು ತಿಂಗಳಾಯಿತು. ಅ ಆ ಇ ಈ ಹೇಳು ಅಂದರೆ ಬಾಯಿ ಬಿಡುವುದಿಲ್ಲ, ‘ರ ಗ ಸ ದ ಅ’ ಅನ್ನುತ್ತಾನೆ. ವರ್ಣಮಾಲೆ ಬಿಟ್ಟು ಇದೇನು ಹೊಸ ಪದ್ಧತಿ? ನಾನೇ ಮನೆಯಲ್ಲಿ ಸರಿಯಾಗಿ ತಿದ್ದಿಸಲೇ? — ಒಬ್ಬ ಅಜ್ಜ, ನಂಜನಗೂಡು

ಉತ್ತರ: ಅಜ್ಜಾ, ಇದು ಅಷ್ಟೇನೂ ಹೊಸದಲ್ಲ, ಹುಟ್ಟಿದ್ದೂ ನಿಮ್ಮ ಮೈಸೂರು ಜಿಲ್ಲೆಯಲ್ಲೇ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ, ಯುನಿಸೆಫ್ ನೆರವಿನಿಂದ ನಲಿ-ಕಲಿ ಶುರುವಾಯಿತು. ಅಲ್ಲಿನ ಟೀಚರ್‌ಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ಸುತ್ತಲಿನ ಹಳ್ಳಿಗಳಲ್ಲಿ ಆ ಶಾಲೆಯವರು ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು ನೋಡಿ ಬಂದರು. ಬಂದು ನಮ್ಮ ಭಾಷೆಗೆ, ನಮ್ಮ ಮಕ್ಕಳಿಗೆ ಹೊಂದುವ ಹಾಗೆ ಕಾರ್ಡುಗಳನ್ನು ತಾವೇ ಕೂತು ಮಾಡಿದರು. ತರಗತಿಯಲ್ಲಿ ನಿಂತು ಕಲಿಸುವವರೇ ಮಾಡಿದ ಪದ್ಧತಿ ಇದು, ನನಗೆ ಇದರ ಮೇಲೆ ಇಷ್ಟು ಪ್ರೀತಿ ಇರಲು ಅದೂ ಒಂದು ಕಾರಣ. 2009-10ರಿಂದ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು.

ಈಗ ಅಕ್ಷರದ ವಿಷಯ. ವರ್ಣಮಾಲೆ ಭಾಷೆಯನ್ನು ಜೋಡಿಸಿಟ್ಟ ಕ್ರಮ. ಯಾವ ಅಕ್ಷರ ಬಾಯಿಯ ಯಾವ ಜಾಗದಲ್ಲಿ ಹುಟ್ಟುತ್ತದೆ ಅನ್ನುವುದನ್ನು ಹಿಡಿದು ಮಾಡಿದ್ದು, ಬಹಳ ಚೆಂದದ ಕ್ರಮ. ಆದರೆ ಆರು ವರ್ಷದ ಮಗುವಿಗೆ ಓದುವುದಕ್ಕೆ ಅದು ಮೊದಲ ದಾರಿ ಆಗಬೇಕಿಲ್ಲ. ನೀವೇ ನೋಡಿ, ಅ ಆ ಇ ಈ ಉ ಐದೂ ಕಲಿತ ಮಗು ಎಷ್ಟು ಪದ ಓದಬಹುದು? ಅದೇ ರ ಗ ಸ ದ ಅ ಕಲಿತ ಮಗು ಸರ ಓದುತ್ತದೆ, ರಸ ಓದುತ್ತದೆ, ದರ, ಅರಸ, ಅಗಸ, ಗರಗಸ ಎಲ್ಲ ಓದುತ್ತದೆ. ಬರೆಯುವುದಕ್ಕೂ ಹಾಗೆಯೇ. ರ ತಿರುಗಿಸಲು ಬಂದ ಕೈಗೆ ದ ಕಷ್ಟವಾಗುವುದಿಲ್ಲ, ಅ ಕೂಡ ದೂರವಲ್ಲ. ಮುಂದಿನ ಐದು ಜ ವ ಮ ಬ ನ. ಹತ್ತು ಅಕ್ಷರ ಸೇರಿದರೆ ಮರ, ಜನ, ದನ, ಬಸವ, ನಗರ, ಅರಸನ ಮಗ, ಅಗಸನ ಮನ. ದೀರ್ಘ ಇಲ್ಲ, ಒತ್ತು ಇಲ್ಲ, ಗುಣಿತ ಇಲ್ಲ, ಆಗಲೇ ಮಗು ಓದುತ್ತಿದೆ!

ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಮನೆಯಲ್ಲಿ ಲಂಬಾಣಿ ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ಒಂದು ಶಬ್ದ ಕನ್ನಡದಲ್ಲಿ ಆಡಿರಲಿಲ್ಲ, ನನ್ನ ಜೊತೆ ಅಂತೂ ಇಲ್ಲವೇ ಇಲ್ಲ. ಗೆಳೆಯರ ತಟ್ಟೆಯಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು ದಿನಾ ಇವಳ ಪಕ್ಕ ಕೂರುತ್ತಿದ್ದಳು. ಒಂದು ದಿನ ಈ ಲಂಬಾಣಿ ಹುಡುಗಿ ಗರಗಸದ ಚಿತ್ರವಿದ್ದ ಕಾರ್ಡ್ ಹಿಡಿದುಕೊಂಡು ಸೀದಾ ನನ್ನ ಹತ್ತಿರ ಬಂದು, ಬೆರಳಿಟ್ಟು, ಒಂದೊಂದೇ ಅಕ್ಷರ ಬಿಡಿಸಿ ‘ಗ-ರ-ಗ-ಸ’ ಅಂದಳು. ಅವಳಪ್ಪ ಮರದ ಕೆಲಸ ಮಾಡುತ್ತಿದ್ದರು, ಮನೆಯಲ್ಲಿ ದಿನಾ ನೋಡುವ ಸಾಮಾನು ಅದು. ಆ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ.

ಹಾಗಾದರೆ ವರ್ಣಮಾಲೆ ಕಲಿಯುವುದೇ ಬೇಡವೇ? ಬೇಕು, ಬಂದೇ ಬರುತ್ತದೆ. 49 ಅಕ್ಷರಗಳೂ ಏಣಿಯಲ್ಲಿ ಒಂದೊಂದಾಗಿ ಸಿಗುತ್ತವೆ, ಕೊನೆಗೆ ಎಲ್ಲವನ್ನೂ ಕ್ರಮವಾಗಿ ಜೋಡಿಸುತ್ತೇವೆ. ನೀವು ದಯವಿಟ್ಟು ಈಗ ಮನೆಯಲ್ಲಿ ಬೇರೆ ಕ್ರಮ ಹಿಡಿಯಬೇಡಿ, ಮಗುವಿಗೆ ಯಾರ ಮಾತು ಕೇಳಬೇಕು ಅಂತ ಗೊಂದಲವಾಗುತ್ತದೆ. ಅದರ ಬದಲು ದಿನಪತ್ರಿಕೆ ಕೊಟ್ಟು ಅವನಿಗೆ ಬರುವ ಅಕ್ಷರಗಳಿಗೆಲ್ಲ ಸುತ್ತು ಹಾಕಲು ಹೇಳಿ. ವರ್ಣಮಾಲೆಯನ್ನು ರಾತ್ರಿ ಮಲಗುವಾಗ ಹಾಡಿನ ಹಾಗೆ ನೀವು ಹೇಳಿದರೆ ಅವನೂ ಹೇಳುತ್ತಾನೆ, ಅದಕ್ಕೆ ಯಾವ ಅಡ್ಡಿಯೂ ಇಲ್ಲ.

ಪ್ರಶ್ನೆ: ನನ್ನ ಮಗ ಮೂರನೇ ಕ್ಲಾಸು. ಒಂದು, ಎರಡು, ಮೂರು ಎಲ್ಲ ಒಂದೇ ಕೋಣೆಯಲ್ಲಿ. ಚಿಕ್ಕವರಿಗೆ ಹೇಳಿಕೊಡುವುದರಲ್ಲೇ ಇವನ ಸಮಯ ಹೋಗುತ್ತಿದೆ ಅನಿಸುತ್ತದೆ. — ಒಬ್ಬ ತಂದೆ, ಶಿರಾ

ಉತ್ತರ: ಇಡೀ ದಿನ ಹೇಳಿಕೊಡುವುದರಲ್ಲೇ ಹೋದರೆ ನೀವು ಹೇಳುವುದು ಸರಿ ಸರ್, ಅದು ತಪ್ಪು. ಅವನಿಗೂ ಅವನದೇ ಏಣಿ ಇದೆ, ದಿನಾ ಅವನದೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಆದರೆ ಹತ್ತು ಹದಿನೈದು ನಿಮಿಷ ಚಿಕ್ಕವರಿಗೆ ಹೇಳಿಕೊಟ್ಟರೆ ನಷ್ಟ ಇಲ್ಲ. ಕಟ್ಟು ಬಿಚ್ಚಿ ಕಳೆಯುವುದನ್ನು ಇನ್ನೊಬ್ಬರಿಗೆ ಹೇಳಿಕೊಡುವಾಗ ಮಗುವಿಗೆ ತನಗೇ ಅರ್ಥವಾಗದೇ ಉಳಿದದ್ದು ಎಲ್ಲಿ ಅಂತ ಗೊತ್ತಾಗುತ್ತದೆ. ಮನೆಯಲ್ಲಿ ‘ಇವತ್ತು ಏನು ಓದಿದೆ’ ಅಂತ ಕೇಳಬೇಡಿ, ‘ಇವತ್ತು ಯಾವ ಕಾರ್ಡ್ ಮಾಡಿದೆ, ನಾಳೆ ಯಾವುದು’ ಅಂತ ಕೇಳಿ. ಎರಡು ವಾರ ಅದೇ ಕಾರ್ಡಿನ ಹೆಸರು ಹೇಳಿದರೆ ಶಾಲೆಗೆ ಹೋಗಿ ಬನ್ನಿ.

ಪ್ರಶ್ನೆ: ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ. ನಲಿ-ಕಲಿ ಕೊಟ್ಟಿದ್ದಾರೆ, 34 ಮಕ್ಕಳು, ನಾನೊಬ್ಬಳೇ. ಸಂಜೆ ಹೊತ್ತಿಗೆ ಗಂಟಲು ಬಿದ್ದುಹೋಗುತ್ತದೆ. ಯಾರಿಗೆ ಏನು ಬಂತು ಅಂತಲೂ ತಿಳಿಯುವುದಿಲ್ಲ. ಅದರ ಮೇಲೆ ಸುಗ್ಗಿ ಮುಗಿದರೆ ಅರ್ಧ ಮಕ್ಕಳು ಅಪ್ಪ ಅಮ್ಮನ ಜೊತೆ ಗುಳೆ ಹೋಗುತ್ತಾರೆ. ಏನು ಮಾಡಲಿ ಅಕ್ಕಾ? — ಒಬ್ಬ ಶಿಕ್ಷಕಿ, ಯಾದಗಿರಿ ಜಿಲ್ಲೆ

ಉತ್ತರ: ತಂಗೀ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನನ್ನ ಮೊದಲ ವರ್ಷವೂ ಹೀಗೇ ಇತ್ತು. ಮೊದಲು ಒಂದು ವಿಷಯ ಮನಸ್ಸಿಗೆ ತಂದುಕೊಳ್ಳಿ, ದಿನಕ್ಕೆ 34 ಮಕ್ಕಳಿಗೂ ಪಾಠ ಮಾಡುತ್ತೇನೆ ಅಂತ ಹೊರಟರೆ ಆಗುವುದಿಲ್ಲ. ಒಂದು ಅವಧಿಗೆ ನಿಮ್ಮ ತಟ್ಟೆಯಲ್ಲಿ ಆರು ಮಕ್ಕಳು ಸಾಕು. ಆ ಆರು ಮಕ್ಕಳಿಗೆ ನೀವು ಪೂರ್ತಿ ಸಿಗಬೇಕು.

ಅದು ಆಗಬೇಕಾದರೆ ಉಳಿದವರು ನಿಮ್ಮನ್ನು ಕೇಳದೆ ಕೆಲಸ ಮಾಡಲು ಕಲಿತಿರಬೇಕು. ಅದನ್ನೇ ಮೊದಲ ಎರಡು ವಾರ ಕಲಿಸಿ, ಅಕ್ಷರ ಆಮೇಲೆ ಬರಲಿ. ಕಾರ್ಡ್ ತೆಗೆಯುವುದು, ಮುಗಿದ ಮೇಲೆ ಅದೇ ಜಾಗದಲ್ಲಿ ಇಡುವುದು, ಗೊತ್ತಾಗದಿದ್ದರೆ ಮೊದಲು ಪಕ್ಕದವರನ್ನು ಕೇಳುವುದು, ಆಮೇಲೂ ಗೊತ್ತಾಗದಿದ್ದರೆ ನಿಮ್ಮ ಹತ್ತಿರ ಬಂದು ಸುಮ್ನೆ ಪಕ್ಕ ಕೂರುವುದು. ಕೂಗುವುದು ಬೇಡ. ಕಾರ್ಡ್ ತಪ್ಪು ಜಾಗದಲ್ಲಿ ಸೇರಿದರೆ ಮರುದಿನ ಹತ್ತು ಮಕ್ಕಳು ಹುಡುಕುತ್ತಾ ನಿಲ್ಲುತ್ತಾರೆ, ನಿಮ್ಮ ಗದ್ದಲದಲ್ಲಿ ಅರ್ಧ ಅಲ್ಲಿಂದಲೇ ಬರುತ್ತಿರಬಹುದು. ಮೂರನೇ ತರಗತಿಯ ಇಬ್ಬರಿಗೆ ವಾರಕ್ಕೊಮ್ಮೆ ಸರದಿಯಂತೆ ಕಾರ್ಡಿನ ಜವಾಬ್ದಾರಿ ಕೊಡಿ. ಗಂಟಲಿಗೆ ಒಂದು ಉಪಾಯ, ಚಪ್ಪಾಳೆ. ನೀವು ಮೂರು ಸಲ ತಟ್ಟಿದರೆ ಅವರು ಎರಡು ಸಲ ತಟ್ಟಿ ಸುಮ್ಮನಾಗಬೇಕು ಅಂತ ಮಾತಾಡಿಕೊಳ್ಳಿ.

ಯಾರಿಗೆ ಏನು ಬಂತು ಅನ್ನುವುದಕ್ಕೆ ಪ್ರಗತಿ ನೋಟ ಇದೆಯಲ್ಲ, ಮಗು ಎಲ್ಲಿಗೆ ಬಂತು ಅಂತ ಗುರುತು ಹಾಕುವ ಪಟ್ಟಿ, ಅದನ್ನು ದಿನಾ ತುಂಬಿ. ಶನಿವಾರ ಒಟ್ಟಿಗೆ ತುಂಬುತ್ತೇನೆ ಅಂದರೆ ಊಹೆ ಮೇಲೆ ತುಂಬುತ್ತೀರಿ. ಮಗು ಮೌಲ್ಯಮಾಪನದ ಕಾರ್ಡ್ ಮುಗಿಸಿದ ತಕ್ಷಣ ಅದರ ಎದುರಿಗೇ ಗುರುತು ಹಾಕಿ. ಅದಕ್ಕೂ ತನ್ನ ಗುರುತು ಮೇಲೆ ಹೋಗಿದ್ದು ಕಾಣಬೇಕು.

ಗುಳೆ ಹೋಗುವ ಮಕ್ಕಳ ವಿಷಯ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಹಳೆಯ ಪದ್ಧತಿಯಲ್ಲಿ ಎರಡು ತಿಂಗಳು ಊರಲ್ಲಿಲ್ಲದ ಮಗು ವಾಪಸ್ ಬಂದಾಗ ಪುಸ್ತಕ 40ನೇ ಪುಟಕ್ಕೆ ಹೋಗಿರುತ್ತಿತ್ತು, ಇದು ಇನ್ನೂ 18ರಲ್ಲಿ. ಆ ಮಗು ಹಿಂದಿನ ಸಾಲಿಗೆ ಹೋಗಿ ಕೂರುತ್ತಿತ್ತು, ಕ್ರಮೇಣ ಬರುವುದನ್ನೇ ಬಿಡುತ್ತಿತ್ತು. ಏಣಿಯಲ್ಲಿ ಹಾಗಿಲ್ಲ. ಎಲ್ಲಿ ಬಿಟ್ಟು ಹೋಗಿತ್ತೋ ಅದೇ ಕಾರ್ಡ್ ಅದಕ್ಕಾಗಿ ಕಾದಿರುತ್ತದೆ. ಬಂದ ದಿನ ಹಿಂದಿನ ಎರಡು ಕಾರ್ಡ್ ಮತ್ತೆ ಮಾಡಿಸಿ, ಮರೆತಿದ್ದರೆ ಇನ್ನೂ ಎರಡು ಹಿಂದೆ ಹೋಗಿ. ‘ಯಾಕೆ ಬರಲಿಲ್ಲ’ ಅಂತ ಕೇಳಬೇಡಿ, ಆ ಮಗುವಿನ ಕೈಯಲ್ಲಿ ಏನಿದೆ ಹೇಳಿ. ಚಪ್ಪರದಲ್ಲಿ ಅದರ ಹಳೆಯ ಚಿತ್ರ ತೆಗೆಯದೆ ಹಾಗೇ ಬಿಟ್ಟಿರಿ. ವಾಪಸ್ ಬಂದವರು ಮೊದಲು ಅದನ್ನೇ ಹುಡುಕುತ್ತಾರೆ, ನಾನು ನೋಡಿದ್ದೇನೆ.

ಮತ್ತೊಂದು ಮಾತು, ಇದು ನಿಮಗಲ್ಲ, ಇದನ್ನು ಓದುವ ಎಲ್ಲರಿಗೂ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರು ಇರಬೇಕು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಈ ಮೂರು ಬಿಟ್ಟರೆ ಪಾಠಕ್ಕೆ ಸಂಬಂಧವಿಲ್ಲದ ಕೆಲಸಕ್ಕೆ ಟೀಚರನ್ನು ಹಾಕಬಾರದು ಅಂತಲೂ ಅದೇ ಕಾಯ್ದೆಯಲ್ಲಿದೆ. ನಲಿ-ಕಲಿ ತರಗತಿಯಲ್ಲಿ ಟೀಚರ್ ಒಂದು ದಿನ ಇಲ್ಲದಿದ್ದರೆ ಮೊದಲನೇ ತಟ್ಟೆ ಆ ದಿನ ಖಾಲಿ. ಹೊಸ ಮೆಟ್ಟಿಲು ಹತ್ತಬೇಕಾದ ಎಲ್ಲ ಮಕ್ಕಳೂ ಅಲ್ಲೇ ನಿಲ್ಲುತ್ತಾರೆ. ಈ ಪದ್ಧತಿ ಸರಿ ಇಲ್ಲ ಅಂತ ಹೇಳುವವರು ಬಹಳ ಜನ ಸಿಗುತ್ತಾರೆ. ಆದರೆ ಟೀಚರ್ ಎಷ್ಟು ದಿನ ಆ ತಟ್ಟೆಯಲ್ಲಿ ಕೂರಲು ಸಾಧ್ಯವಾಯಿತು ಅಂತ ಮೊದಲು ಎಣಿಸಿ ನೋಡಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಪ್ರಶ್ನೆ: ಹೋಂವರ್ಕ್ ಯಾಕೆ ಕೊಡುವುದಿಲ್ಲ? ಪಕ್ಕದ ಮನೆಯ ಮಗು ಪ್ರೈವೇಟ್ ಶಾಲೆ, ರಾತ್ರಿವರೆಗೂ ಬರೆಯುತ್ತದೆ. — ಒಬ್ಬ ತಾಯಿ, ದಾವಣಗೆರೆ

ಉತ್ತರ: ಆರು ವರ್ಷದ ಮಗು ರಾತ್ರಿವರೆಗೆ ಬರೆಯಬಾರದು ಅಮ್ಮಾ, ಅದರ ಬೆರಳಿಗೆ ಇನ್ನೂ ಅಷ್ಟು ಬಲ ಬಂದಿರುವುದಿಲ್ಲ. ನಿಮ್ಮ ಮಗು ಕಾರ್ಡನ್ನು ಶಾಲೆಯಲ್ಲೇ ಬಿಟ್ಟು ಬರುತ್ತದೆ, ಹಾಗೆ ಬಿಟ್ಟು ಬರಬೇಕು ಕೂಡ. ಮನೆಯಲ್ಲಿ ಬಟಾಣಿ ಸುಲಿಯುವಾಗ ಒಂದು ಸಿಪ್ಪೆಯಲ್ಲಿ ಎಷ್ಟು ಕಾಳಿವೆ ಎಣಿಸಲಿ, ಬಸ್ಸಿನ ಬೋರ್ಡ್ ಓದಲಿ, ಚೌಕಾಬಾರ ಆಡಲಿ. ಒಂದು ಕಥೆ ನೀವು ಹೇಳಿ.

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಆರು ವರ್ಷದ ಮಗಳು ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ವಾರಕ್ಕೆ ಒಂದೇ ದಿನ ಕಲಿಸಲು ಆಗುವುದು. ಈ ಕ್ರಮ ನಮಗೂ ಉಪಯೋಗವಾಗುತ್ತಾ? — ಒಬ್ಬ ತಾಯಿ, ಡಲ್ಲಾಸ್

ಉತ್ತರ: ಖಂಡಿತ ಆಗುತ್ತದೆ. ಮಾತು ಬರುತ್ತದೆ ಅಂದರೆ ದೊಡ್ಡ ಕೆಲಸ ಆಗಲೇ ಮುಗಿದಿದೆ. ವಾರಕ್ಕೊಂದು ದಿನ ಆಗಿರುವುದರಿಂದ ಐದು ಅಕ್ಷರಕ್ಕೆ ಮೂರು ವಾರ ಇಟ್ಟುಕೊಳ್ಳಿ. ರಟ್ಟಿನ ತುಂಡುಗಳ ಮೇಲೆ ದೊಡ್ಡದಾಗಿ ಬರೆದು ಕೊಡಿ, ಅವಳು ನೆಲದ ಮೇಲೆ ಜೋಡಿಸಿ ಪದ ಮಾಡಲಿ. ಅರ್ಥವಿಲ್ಲದ ಪದ ಮಾಡಿದರೂ ಓದಲಿ, ನಗಲಿ. ಉಳಿದ ಆರು ದಿನ ಅದೇ ತುಂಡುಗಳು ಫ್ರಿಜ್ ಬಾಗಿಲ ಮೇಲೆ ಇರಲಿ, ದಿನಾ ಒಂದು ಪದ ನೀವು ಬದಲಾಯಿಸಿಡಿ. ಹತ್ತು ಅಕ್ಷರ ಆದ ಮೇಲೆ ಊರಿನ ಅಜ್ಜಿಗೆ ಮೂರು ಪದದ ಒಂದು ಕಾಗದ ಬರೆಸಿ.

ಪ್ರಶ್ನೆ: ಪೋಷಕರು ತರಗತಿಗೆ ಬಂದು ನೋಡಬಹುದಾ? ಹೋದರೆ ಟೀಚರ್ ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಸಂಕೋಚ. — ಒಬ್ಬ ತಾಯಿ, ಶಿಕಾರಿಪುರ

ಉತ್ತರ: ಬನ್ನಿ ಅಮ್ಮಾ, ಸಂಕೋಚ ಬೇಡ. ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಇರುವವರೂ ನಿಮ್ಮ ಹಾಗೆ ಮಕ್ಕಳ ತಂದೆ ತಾಯಂದಿರೇ. ಹಿಂದಿನ ದಿನ ಒಂದು ಮಾತು ಹೇಳಿ ಬಂದರೆ ಟೀಚರ್‌ಗೂ ಅನುಕೂಲ. ಬಂದಾಗ ಟೀಚರನ್ನು ಮಾತಿಗೆ ಕೂರಿಸಬೇಡಿ, ಆ ಹೊತ್ತು ಮೊದಲನೇ ತಟ್ಟೆಯ ಮಕ್ಕಳದು. ಚಪ್ಪರದಲ್ಲಿ ನಿಮ್ಮ ಮಗುವಿನ ಹಾಳೆ ಎಲ್ಲಿದೆ ಹುಡುಕಿ. ಗೋಡೆ ಹಲಗೆಯಲ್ಲಿ ಅದರ ಜಾಗ ಯಾವುದು ಅಂತ ಕೇಳಿ. ಏಣಿಯ ಹತ್ತಿರ ಕರೆದುಕೊಂಡು ಹೋಗು ಅಂತ ಮಗುವಿಗೇ ಹೇಳಿ, ಅದು ಬೆರಳಿಟ್ಟು ತೋರಿಸುತ್ತದೆ. ನೆಲದ ಮೇಲೆ ಅದರ ಪಕ್ಕ ಕೂತು ಒಂದು ಕಾರ್ಡ್ ಓದಿಸಿಕೊಳ್ಳಿ. ಬೆಳಿಗ್ಗೆ ಹಾಲು ಕೊಡುವ ಹೊತ್ತಿಗೇ ಬಂದುಬಿಡಿ, ಆಗ ಹವಾಮಾನ ನಕ್ಷೆಯಿಂದ ಹಿಡಿದು ಎಲ್ಲ ನೋಡಲು ಸಿಗುತ್ತದೆ.